ತವರಿನ ಜಮೀನಲ್ಲಿ ಪಾಲು ಕೇಳಿದ್ರೆ ಅಣ್ಣ ದೂರ ಆಗ್ತಾನಾ?

ಹಾಸನದವಳು: ಅಪ್ಪ ತೀರಿಕೊಂಡ ಮೇಲೆ ಅಣ್ಣ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತಿದ್ದಾನೆ. ಗೌರಿ ಹಬ್ಬಕ್ಕೆ ತಪ್ಪದೆ ಬಾಗಿನ ಕಳಿಸುವ ಅಣ್ಣ ಅವನು, ಜಗಳ ಬೇಡ, ಆದರೆ ಸುಮ್ನೆ ಸಹಿ ಹಾಕೋಕೂ ಮನಸ್ಸಿಲ್ಲ. ಏನು ಮಾಡಲಿ?

ತೆಂಗಿನತೋಟ: ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಮಗಳಿಗೂ ಮಗನಷ್ಟೇ ಪಾಲು. ಕರ್ನಾಟಕದಲ್ಲಿ 1994ರಲ್ಲೇ ಬಂದಿತ್ತು, ಆದರೆ ಅಷ್ಟರಲ್ಲಿ ಮದುವೆಯಾದವರನ್ನು ಬಿಟ್ಟಿದ್ದರು. ಮೊದಲು ಪಹಣಿ ತೆಗೆಸಿ.

ಮೂರನೇ ಮಗಳು: ಕಾನೂನು ಸರಿ, ನೋಟಿಸ್‌ನಿಂದ ಮಾತ್ರ ಶುರು ಮಾಡಬೇಡಿ ಮಾರಾಯ್ರೆ. ಅಣ್ಣನ ಹತ್ತಿರ ನೀವೇ ಮಾತಾಡಿ, ಅತ್ತಿಗೆ ಮೂಲಕ ಬೇಡ. ಅಪ್ಪನ ಆಸ್ಪತ್ರೆ ಸಾಲ ಯಾರು ತೀರಿಸಿದರು, ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ, ಅದೂ ಲೆಕ್ಕಕ್ಕೆ ಬರಬೇಕಲ್ವಾ?

ಹಾಸನದವಳು: ಸಾಲ ಅವನೇ ತೀರಿಸಿದ್ದು. ಅಮ್ಮನಿಗೂ ಪಾಲು ಇದೆಯಾ?

ತೆಂಗಿನತೋಟ: ಇದೆ. ನೋಂದಣಿಯಾದ ಪತ್ರ ರದ್ದು ಮಾಡಿಸೋದು ಕಷ್ಟ, ಆತುರ ಬೇಡ.