ಹಳೇ ಈಸ್ಟ್ ಇಂಡಿಯಾ ಕಂಪನಿ ಪಿಸ್ತೂಲು: ಭಾಗಗಳೆಲ್ಲ ಒಂದೇ ಜೋಡಿಯವಾ, ಕೊಳ್ಳುವ ಮೊದಲು ನೋಡೋದು ಹೆಂಗ?

ಪ್ರಶ್ನೆ (ಗಂಗಾವತಿ): ಸರ್, ಕೊಪ್ಪಳದ ಹತ್ರ ಒಬ್ಬರ ಮನ್ಯಾಗ ಕೇಪಿನ (ಹ್ಯಾಮರ್ ಬಡಿದ್ರ ಕಿಡಿ ಕೊಡೋ ಸಣ್ಣ ಟೊಪ್ಪಿಗಿ) ಪಿಸ್ತೂಲು ಐತ್ರಿ. ಲಾಕ್ ಪ್ಲೇಟಿನ (ಹ್ಯಾಮರ್ ಕೂತಿರೋ ಪಕ್ಕದ ತಗಡು) ಮ್ಯಾಲೆ ಎದ್ದು ನಿಂತ ಸಿಂಹ, 1845 ಅಂತ ಇಸವಿ. ಇಂಗ್ಲಿಷರ ವಿರುದ್ಧ ಎದ್ದ ಮುಂಡರಗಿ ಭೀಮರಾಯರ ಕಡೆಯವರದು, ಎಲ್ಲಾ ಭಾಗ ಒರಿಜಿನಲ್ ಅಂತಾರ. ನಂಬರ್ ಮಾತ್ರ ಎಲ್ಲೂ ಕಾಣವಲ್ಲದು. ನಾಳೆ ಮುಂಗಡ ಕೊಡಬೇಕಂತ ಮಾಡೇನಿ. ಏನೇನು ನೋಡ್ಲಿ?

ಉತ್ತರ (ಬಳ್ಳಾರಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರು): ಮುಂಗಡ ಸದ್ಯ ಬ್ಯಾಡ್ರಿ. ಹಳೇದು ಅಂದಮಾತ್ರಕ್ಕೆ ಲೈಸೆನ್ಸ್ ಬೇಡ ಅಂತಲ್ಲ. 1959ರ ಆಯುಧ ಕಾಯ್ದೆಯ 45ನೇ ಕಲಮು ಬಿಡುವುದು, ರಿಪೇರಿ ಮಾಡಿದರೂ ಹಾರಿಸಲಾಗದ ಹಳೆಯ ಆಯುಧವನ್ನು ಮಾತ್ರ. ಕೇಪಿನ ಪಿಸ್ತೂಲು ಎಷ್ಟೋ ಸಲ ಸಣ್ಣ ರಿಪೇರಿಗೇ ಹಾರುತ್ತದೆ. ಮಾರುವವರ ಹತ್ತಿರ ಕಾಗದ ಏನಿದೆ ಕೇಳಿ, ಡಿಸಿ ಆಫೀಸಿನ ಆಯುಧ ಲೈಸೆನ್ಸ್ ವಿಭಾಗದಲ್ಲಿ ವಿಚಾರಿಸಿ, ಆಮೇಲೆ ರೇಟಿನ ಮಾತು.

ನೋಡಲು ಹೋದಾಗ ನಳಿಗೆಯ ಬಾಯಿಗೆ ಎದುರು ನಿಲ್ಲಬೇಡಿ. ಕೇಪು ಕೂರುವ ಮೊಳೆ ಖಾಲಿ ಇದೆಯಾ ನೋಡಿ. ಒಂದು ತೆಳ್ಳನೆ ಮರದ ಕಡ್ಡಿಯನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ನಿಧಾನ ಬಿಟ್ಟು, ಬಾಯಿಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ಕಡ್ಡಿ ಹೊರತೆಗೆದು ಅದೇ ಗೆರೆ ಬಾಯಿಗೆ ಬರುವಂತೆ ನಳಿಗೆಯ ಮೇಲೆ ಇಟ್ಟರೆ, ಅದರ ತುದಿ ಹೆಚ್ಚುಕಡಿಮೆ ಆ ಮೊಳೆಯ ತನಕ ಬರಬೇಕು. ಒಂದೆರಡು ಇಂಚು ಮುಂಚೆಯೇ ನಿಂತರೆ ಒಳಗೆ ಹಳೇ ಮದ್ದು, ಗುಂಡು ಇರಬಹುದು. ಅಲ್ಲಿಗೇ ಬಿಟ್ಟು ಲೈಸೆನ್ಸ್ ಇರುವ ರಿಪೇರಿಯವರಿಗೆ ಹೇಳಿ. ನೀವು ಕೆದಕಬೇಡಿ.

ಇನ್ನು ಜೋಡಿಯ ವಿಷಯ. ಎದ್ದು ನಿಂತ ಸಿಂಹ ಕಂಪನಿಯ ಮುದ್ರೆ. ಈ ಕಾಲದ ಕಂಪನಿ ಪಿಸ್ತೂಲಿನಲ್ಲಿ ನಂಬರ್ ಹುಡುಕಿ ಸುಸ್ತಾಗಬೇಡಿ. ಕೈಯಲ್ಲಿ ಅರ ಹಾಕಿ ಕೂಡಿಸಿದ ಮಾಲು ಅದು. ಒಂದು ಪಿಸ್ತೂಲಿನ ಭಾಗಗಳು ಬೇರೆಯದರ ಜೊತೆ ಕಲೆಯದಿರಲೆಂದು ಕೆಲಸಗಾರರು ಒಳಬದಿಯಲ್ಲಿ ಅರದ ಕಚ್ಚು, ಚುಕ್ಕೆ, ರೋಮನ್ ಅಂಕಿ ಹಾಕುತ್ತಿದ್ದರು. ಲಾಕ್, ಅಂದರೆ ಹಾರಿಸುವ ಯಂತ್ರ, ಬಿಚ್ಚಿದರೆ ಪ್ಲೇಟಿನ ಒಳಮೈ, ಹ್ಯಾಮರ್ ಹಿಂಬದಿ, ಸ್ಕ್ರೂಗಳಲ್ಲಿ ಇಂಥವು ಸಿಗಬಹುದು. ಒಂದರಲ್ಲಿ ಮೂರು ಕಚ್ಚು, ಇನ್ನೊಂದರಲ್ಲಿ ಐದು ಇದ್ದರೆ ಎರಡು ಪಿಸ್ತೂಲು ಸೇರಿಸಿದ್ದಾರೆ ಅಂತಲೇ ಅನುಮಾನಪಡಿ.

ನನ್ನ ಕಣ್ಣು ಮೊದಲು ಹೋಗುವುದು ಮರದ ಮೇಲೆ. ಅಸಲಿ ಲಾಕ್ ಪ್ಲೇಟು ಮರದ ಗುಂಡಿಯಲ್ಲಿ ಬಿಗಿಯಾಗಿ ಕೂತಿರುತ್ತದೆ. ಸುತ್ತ ಸಂದು ಬಿದ್ದು ಎಂ-ಸೀಲ್ ಮೆತ್ತಿದ್ದರೆ, ಮರ ಹೊಸದಾಗಿ ಕೆತ್ತಿದ ಬಿಳುಪು ಕಂಡರೆ, ಲಾಕ್ ಬೇರೆಯದು. ತುಕ್ಕಿನ ಬಣ್ಣ ನಳಿಗೆಗೂ ಲಾಕಿಗೂ ಹೊಂದಬೇಕು. ನಳಿಗೆ ಕಪ್ಪಾಗಿ ಗುಳಿಬಿದ್ದು, ಹ್ಯಾಮರ್ ಮಾತ್ರ ನುಣ್ಣಗಿದ್ದರೆ ಅದು ಆಮೇಲೆ ಬಂದದ್ದು. ಹಿತ್ತಾಳೆಯಿಂದ ಮಾತ್ರ ತೀರ್ಮಾನಕ್ಕೆ ಬರಬೇಡಿ, ನಮ್ಮ ಮನೆಗಳಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿ ನೂರು ವರ್ಷದ ಬಣ್ಣ ತೆಗೆದಿರುತ್ತಾರೆ!

ಸಿಂಹದ ಗೆರೆ ಚೂಪಾಗಿದೆಯಾ, ಕೊಬ್ಬಿದ ನಾಯಿಯಂತಿದೆಯಾ ನೋಡಿ. ಅಲಂಕಾರಕ್ಕೆ ಮಾಡಿದ ಹೊಸ ಮಾಲಿನಲ್ಲಿ ಮುದ್ರೆ ಮಬ್ಬಾಗಿರುತ್ತದೆ. ಕೇಪಿಗೆ 1845 ಹೊಂದುತ್ತದೆ. 1780 ಅಂತ ಇದ್ದಿದ್ದರೆ ಒಂದೋ ಚಕಮಕಿ ಕಲ್ಲಿನದನ್ನು ಕೇಪಿಗೆ ಬದಲಿಸಿದ್ದು, ಇಲ್ಲ ನಕಲಿ. ಬದಲಿಸಿದ್ದಾದರೆ ಪ್ಲೇಟಿನ ಮೇಲೆ ಮುಚ್ಚಿದ ತೂತಿನ ಗುರುತು ಉಳಿದಿರುತ್ತದೆ, ಅದು ಮೋಸವಲ್ಲ.

ಭೀಮರಾಯರು 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದದ್ದು ನಿಜ. ಆ ಕಥೆಗೆ ಕಾಗದವಿಲ್ಲದಿದ್ದರೆ ಅದಕ್ಕೊಂದು ರೂಪಾಯಿಯೂ ಕೊಡಬೇಡಿ. 1800ರಿಂದ ಇಂಗ್ಲಿಷರಿದ್ದ, ದಂಡು ಇದ್ದ ಬಳ್ಳಾರಿ ಪಕ್ಕದಲ್ಲೇ ಇದೆ, ಕಂಪನಿ ಪಿಸ್ತೂಲು ಬರಲು ದಾರಿ ಬೇಕಾದಷ್ಟು.

ಪ್ರಶ್ನೆ (ರಾಯಚೂರು): ಅಣ್ಣಾರೆ, ನಮ್ಮ ತಾತ ತೀರಿಕೊಂಡಮ್ಯಾಲೆ ಅವರ ವೆಬ್ಲಿ ರಿವಾಲ್ವರ್ ಮನ್ಯಾಗೇ ಐತಿ. ಅದನ್ನೂ ಹಿಂಗೇ ನೋಡಬೇಕೇನು?

ಉತ್ತರ: ಇಲ್ಲ ತಮ್ಮಾ, ಅದರಲ್ಲಿ ನಂಬರೇ ಮುಖ್ಯ. ಫ್ರೇಮ್, ಬ್ಯಾರೆಲ್, ಸಿಲಿಂಡರ್ ನಂಬರ್ ಒಂದೇ ಇರಬೇಕು. ಆದರೆ ಅದಕ್ಕೆ ಮೊದಲು, ಲೈಸೆನ್ಸುದಾರರು ತೀರಿಕೊಂಡ ಮೇಲೆ ಅದು ಮನೆಯಲ್ಲಿರುವುದೇ ಕಷ್ಟ. ತಡಮಾಡದೆ ಸ್ಟೇಷನ್ನಿಗೆ ತಿಳಿಸಿ, ಅಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ರವೋ ಜಮಾ ಮಾಡಿ.

ಗಂಗಾವತಿ: ಸರ್, ಲಾಕ್ ಬಿಚ್ಚಾಕ ಅವರು ಒಪ್ಪವಲ್ರು. ಸ್ಕ್ರೂ ಕೆಡತಾವಂತ.

ಉತ್ತರ: ಆ ಮಾತು ಸುಳ್ಳಲ್ಲ, ತಪ್ಪು ಸ್ಕ್ರೂಡ್ರೈವರ್ ಹಾಕಿದರೆ ಕೆಡುತ್ತವೆ. ಬಿಚ್ಚದೆಯೇ ತಲೆಗಳನ್ನು ನೋಡಿ: ಸೀಳು ಸಣ್ಣಗೆ, ಅಂಚು ಚೂಪಾಗಿದ್ದರೆ ಯಾರೂ ಮುಟ್ಟಿಲ್ಲ. ಹರಿದಿದ್ದರೆ ಈಗಾಗಲೇ ಯಾರೋ ಬಿಚ್ಚಿದ್ದಾರೆ, ಆಗ ಅವರ ಅಡ್ಡಿಗೆ ಅರ್ಥವಿಲ್ಲ. ಒಪ್ಪದಿದ್ದರೆ ಬಿಡಿಭಾಗ ಕೂಡಿಸಿದ ಪಿಸ್ತೂಲಿನ ರೇಟೇ ಹೇಳಿ, ಅದೂ ಡಿಸಿ ಆಫೀಸಿನ ಉತ್ತರ ಕೈಗೆ ಬಂದಮೇಲೆ.