ಕೋಲಿಗೆ ಕಟ್ಟಿದ ಆಕಾಶಬುಟ್ಟಿ

ನಮ್ಮ ಮನೆಯ ವಾಟ್ಸಾಪ್ ಗುಂಪಿನ ಹೆಸರು 'ಕೆಳಗಿನಮನೆ'. ಅಮ್ಮ, ದೊಡ್ಡಪ್ಪ ತೀರ್ಥಹಳ್ಳಿ ಹತ್ತಿರದ ಊರಿನಲ್ಲಿದ್ದಾರೆ. ಅತ್ತೆ ಶಿವಮೊಗ್ಗದಲ್ಲಿ. ಅಣ್ಣ, ಅತ್ತಿಗೆ, ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ. ನಾನು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡುತ್ತೇನೆ. ಟೀಚರ್ ಅಲ್ಲ. ತರಗತಿ ಮುಗಿದ ಮೇಲೆ ಮಕ್ಕಳಿಗೆ ಊಟ ಬಡಿಸುವುದು, ಹೋಮ್‌ವರ್ಕ್ ಮಾಡಿಸುವುದು, ಆಟ ಆಡಿಸುವುದು, ಸಂಜೆ ನಾಲ್ಕಕ್ಕೆ ಮನೆಗೆ ಕಳಿಸುವುದು ನನ್ನ ಕೆಲಸ. ಡಿಸೆಂಬರ್‌ನಲ್ಲಿ ಅಣ್ಣನಿಗೆ ಅಂತ ಒಂದು ಸಣ್ಣ ವಿಡಿಯೋ ಕಳಿಸಿದ್ದೆ. ಅವನು ಅದನ್ನು ಗುಂಪಿಗೆ ಹಾಕಿದ. ಆಮೇಲೆ ಆದ ಮಾತುಕತೆ ಇದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅಣ್ಣ: ನೋಡಿ, ನಮ್ಮ ಪುಟ್ಟಿ ಮೆರವಣಿಗೆಯಲ್ಲಿ! ಎಡಗಡೆ, ನೀಲಿ ಜಾಕೆಟ್. (ವಿಡಿಯೋ)

ಅತ್ತೆ: ಅಯ್ಯೋ ಎಷ್ಟು ಚೆನ್ನಾಗಿದೆ! ಎಲ್ಲಾ ಮಕ್ಕಳ ಕೈಯಲ್ಲೂ ಆಕಾಶಬುಟ್ಟಿ!

ಅತ್ತಿಗೆ: ಕೋಲಿಗೆ ಕಟ್ಟಿದ ಆಕಾಶಬುಟ್ಟಿ. ಮುದ್ದಾಗಿದೆ.

ದೊಡ್ಡಪ್ಪ: ಇದು ಯಾವ ಮೆರವಣಿಗೆ?

ನಾನು: ಕ್ರಿಸ್‌ಮಸ್‌ಗೆ ಮುಂಚೆ ಶಾಲೆ ಮಕ್ಕಳು ಮಾಡುವ ದೀಪದ ಮೆರವಣಿಗೆ ದೊಡ್ಡಪ್ಪ. ಊರಿನ ಬೇರೆ ಬೇರೆ ಶಾಲೆಗಳಿಂದ ಸಾವಿರಕ್ಕೂ ಹೆಚ್ಚು ಮಕ್ಕಳು ಬರುತ್ತಾರೆ. ಅವರೇ ಮಾಡಿದ ಲಾಟೀನು ಹಿಡಿದು ಹಳೇ ಪೇಟೆಯಿಂದ ಕೋಟೆಯ ಗುಡ್ಡದ ಕಡೆಗೆ ನಡೆಯುತ್ತಾರೆ.

ದೊಡ್ಡಪ್ಪ: ಸರಿ. ದೀಪಾವಳಿಗೆ ನಿನ್ನ ಕಡೆಯಿಂದ ಒಂದು ಹಣತೆಯ ಫೋಟೋ ಬರಲಿಲ್ಲ. ಬಲಿಪಾಡ್ಯಮಿ ದಿನ ಫೋನ್ ಮಾಡಿದರೆ 'ಕೆಲಸದಲ್ಲಿದ್ದೇನೆ' ಅಂದೆ. ಇದಕ್ಕೆ ಮಾತ್ರ ರಾತ್ರಿ ಚಳಿಯಲ್ಲಿ ನಡೆಯಲು ಪುರಸೊತ್ತು ಇದೆ.

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಾನು ಟ್ರಾಮ್‌ನಲ್ಲಿದ್ದೆ. ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು.

ನಾನು: ದೊಡ್ಡಪ್ಪ, ಈ ಮೆರವಣಿಗೆ ನನ್ನ ಕೆಲಸ. ಈ ವರ್ಷ ನರಕ ಚತುರ್ದಶಿ ಸೋಮವಾರ, ಪಾಡ್ಯ ಬುಧವಾರ ಬಂತು. ಎರಡು ದಿನವೂ ಶಾಲೆ ಇತ್ತು. ಶಾಲೆಗೆ ರಜೆ ಇದ್ದಾಗ ಮಾತ್ರ ನಮಗೆ ರಜೆ. ನಡುವೆ ಬೇಕು ಅಂದಾಗ ತೆಗೆದುಕೊಳ್ಳುವಂತಿಲ್ಲ. ಸೋಮವಾರ ಬೆಳಗ್ಗೆ ಐದಕ್ಕೆ ಎದ್ದು ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದೆ. ಸಂಜೆ ಅಡುಗೆಮನೆ ಕಿಟಕಿಯಲ್ಲಿ ಎರಡು ಹಣತೆ ಇಟ್ಟೆ. ಆಚೆ ಪೂರ್ತಿ ಕತ್ತಲೆ, ಎದುರಿನ ಮನೆಯಲ್ಲಿ ಟಿವಿ ಬೆಳಕು. ಫೋಟೋ ತೆಗೆಯಲು ಮನಸ್ಸಾಗಲಿಲ್ಲ. ಅಷ್ಟೇ.

ಅಮ್ಮ: ನನಗೂ ಹೇಳಲಿಲ್ಲ ನೀನು.

ತಮ್ಮ (ಚಿಕ್ಕಪ್ಪನ ಮಗ): ಅಕ್ಕ, ಬೇಜಾರು ಮಾಡಿಕೊಳ್ಳಬೇಡ. ದೊಡ್ಡಪ್ಪ ಹೇಳುವುದರಲ್ಲೂ ಅರ್ಥ ಇದೆ. ನಾವು ಎಷ್ಟೇ ಅವರ ಹಬ್ಬ ಮಾಡಿದರೂ ಅವರು ನಮ್ಮನ್ನು ಅವರವರು ಅಂತ ಒಪ್ಪುವುದಿಲ್ಲ. ನಿಮ್ಮ ಊರಿನಲ್ಲೇ ಅಲ್ವಾ, ಕ್ರಿಸ್‌ಮಸ್ ಮಾರುಕಟ್ಟೆಗೆ ಆರಿಸಿದ ಹುಡುಗಿ ಭಾರತದವಳು ಅಂತ ಬೈದದ್ದು? ಎಲ್ಲೋ ಓದಿದ್ದೆ.

ನಾನು: ಹೌದು, ಇಲ್ಲೇ. ಆದರೆ ನೀನು ಅರ್ಧ ಮಾತ್ರ ಓದಿದ್ದೀಯ. ಪೂರ್ತಿ ಹೇಳುತ್ತೇನೆ, ಯಾಕೆಂದರೆ ನನಗೆ ಇದು ಮುಖ್ಯ.

ಇಲ್ಲಿನ ಮಾರುಕಟ್ಟೆಯನ್ನು ತೆರೆಯುವುದು ಕ್ರಿಸ್ಟ್‌ಕಿಂಡ್. ಅಂದರೆ ದೇವದೂತೆಯ ಹಾಗೆ ವೇಷ ಹಾಕಿದ ಹುಡುಗಿ. ಚಿನ್ನದ ಬಣ್ಣದ ಗುಂಗುರು ಕೂದಲು, ಕಿರೀಟ, ಬಿಳಿ ಮತ್ತು ಚಿನ್ನದ ಉಡುಗೆ. ಎರಡು ವರ್ಷಕ್ಕೊಮ್ಮೆ ಊರಿನ ಒಬ್ಬ ಹದಿಹರೆಯದ ಹುಡುಗಿಯನ್ನು ಆರಿಸುತ್ತಾರೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲಕ್ಕೆ ಅಡ್ವೆಂಟ್ ಅನ್ನುತ್ತಾರೆ. ಮೊದಲ ಅಡ್ವೆಂಟ್ ಭಾನುವಾರದ ಹಿಂದಿನ ಶುಕ್ರವಾರ ಅವಳು ಚರ್ಚಿನ ಬಾಲ್ಕನಿಯಲ್ಲಿ ನಿಂತು ಪದ್ಯ ಹೇಳಿದ ಮೇಲೆಯೇ ಮಾರುಕಟ್ಟೆ ಶುರು. 2019ರಲ್ಲಿ ಆಯ್ಕೆಯಾದವಳು ಬೆನಿಗ್ನಾ ಮುನ್ಸಿ. ಹುಟ್ಟಿ ಬೆಳೆದದ್ದು ಇದೇ ಊರಲ್ಲಿ. ಅಪ್ಪ ಭಾರತ ಮೂಲದವರು. ಅವಳ ಫೋಟೋ ಹಾಕಿ ಒಂದು ಪಕ್ಷದ ಸ್ಥಳೀಯ ಘಟಕ ಫೇಸ್‌ಬುಕ್‌ನಲ್ಲಿ ಕೆಟ್ಟದಾಗಿ ಬರೆಯಿತು. ಇದು ನಿಜ. ಆದರೆ ಸಾವಿರಾರು ಜನ ಅವಳ ಪರ ನಿಂತರು. ಆ ಪೋಸ್ಟ್ ತೆಗೆಯಬೇಕಾಯಿತು. ಆ ವರ್ಷ ಬಾಲ್ಕನಿಯಲ್ಲಿ ನಿಂತು ಮಾರುಕಟ್ಟೆ ತೆರೆದವಳು ಅವಳೇ. ನಮ್ಮ ಶಾಲೆಯಲ್ಲಿ ಟರ್ಕಿಯ ಮಕ್ಕಳಿದ್ದಾರೆ, ಸಿರಿಯಾದವರಿದ್ದಾರೆ, ಉಕ್ರೇನ್‌ನಿಂದ ಬಂದವರಿದ್ದಾರೆ. ಅವರಿಗೆ ನಾನು ಯಾವ ಅರ್ಧ ಹೇಳಬೇಕು?

ತಮ್ಮ: ಇದು ಗೊತ್ತಿರಲಿಲ್ಲ ಅಕ್ಕ. ಆದರೂ ಕ್ರಿಸ್‌ಮಸ್ ಅಂದರೆ ಈಗ ವ್ಯಾಪಾರ ಅಲ್ವಾ? ಮಾರುಕಟ್ಟೆ, ಸೇಲ್, ಗಿಫ್ಟ್.

ನಾನು: ಮಾರುಕಟ್ಟೆಗೆ ನಾನು ಹೋಗುವುದು ವರ್ಷಕ್ಕೆ ಒಂದು ಸಲ. ನನ್ನ ಹಬ್ಬದ ಕಾಲ ಶಾಲೆಯ ಕಾರಿಡಾರಿನಲ್ಲಿ ನಡೆಯುತ್ತದೆ. ಡಿಸೆಂಬರ್ 5ರ ಸಂಜೆ ಮಕ್ಕಳು ಅವರ ಚಪ್ಪಲಿಗಳನ್ನು ಸಾಲಾಗಿ ಇಟ್ಟು ಹೋಗುತ್ತಾರೆ. ಮಾರನೇ ದಿನ ನಿಕೊಲಾಸ್ ಹಬ್ಬ, ಮಕ್ಕಳಿಗೆ ಉಡುಗೊರೆ ತರುವ ಸಂತನದು. ನಾವು ಮೂರು ಜನ ಕೂತು ಪ್ರತಿ ಚಪ್ಪಲಿಗೂ ಎರಡು ವಾಲ್‌ನಟ್, ಒಂದು ಕಿತ್ತಳೆ, ಒಂದು ಚಾಕಲೇಟ್ ಹಾಕುತ್ತೇವೆ. ಯಾವುದನ್ನೂ ಬಿಡದೆ ಎರಡೆರಡು ಸಲ ಎಣಿಸುತ್ತೇವೆ. ಒಂದು ಮಗುವಿಗೆ ತಪ್ಪಿದರೂ ಆ ಮುಖ ನೋಡಲು ಆಗುವುದಿಲ್ಲ.

ಇನ್ನು ಮೇಣದಬತ್ತಿಯ ಹಸಿರು ಚಕ್ರ. ಅಡ್ವೆಂಟ್‌ನ ನಾಲ್ಕು ಭಾನುವಾರಕ್ಕೆ ನಾಲ್ಕು ಬತ್ತಿ. ಅದು ಅಂಗಡಿಯಿಂದ ಹುಟ್ಟಿದ್ದಲ್ಲ. ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಯ ನಡೆಸುತ್ತಿದ್ದ ವಿಖೆರ್ನ್ ಅನ್ನುವ ಪಾದ್ರಿ 1839ರಲ್ಲಿ ಶುರು ಮಾಡಿದ್ದು. ಹಬ್ಬ ಯಾವಾಗ, ಹಬ್ಬ ಯಾವಾಗ ಅಂತ ಮಕ್ಕಳು ದಿನವೂ ಕೇಳುತ್ತಿದ್ದರಂತೆ. ಅವರು ಒಂದು ಗಾಡಿ ಚಕ್ರ ತಂದು, ವಾರದ ದಿನಕ್ಕೆ ಸಣ್ಣ ಬತ್ತಿ, ಭಾನುವಾರಕ್ಕೆ ದೊಡ್ಡ ಬತ್ತಿ ಇಟ್ಟರು. ಮಕ್ಕಳು ದಿನ ಎಣಿಸುವುದನ್ನೂ ಅದರಲ್ಲೇ ಕಲಿತರು. ನಾನು ದಿನವಿಡೀ ಮಕ್ಕಳ ಜೊತೆ ಇರುವವಳು. ಇದನ್ನು ವ್ಯಾಪಾರ ಅಂದರೆ ನನಗೆ ಒಪ್ಪಲು ಆಗುವುದಿಲ್ಲ.

ಅತ್ತಿಗೆ: ಒಂದು ವಿಷಯ ಕೇಳಲಾ? ಅಲ್ಲಿನ ಆ ಕೇಕಿಗೆಲ್ಲ ಮೊಟ್ಟೆ ಹಾಕುತ್ತಾರಲ್ಲ. ಏನು ಮಾಡುತ್ತೀಯ?

ನಾನು: ಲೇಬ್‌ಕೂಖನ್‌ಗೆ ಹಾಕುತ್ತಾರೆ ಅತ್ತಿಗೆ. ಅದು ಇಲ್ಲಿನ ಕ್ರಿಸ್‌ಮಸ್ ಮಸಾಲೆ ಬಿಸ್ಕತ್ತು. ಒಳ್ಳೆಯ ಜಾತಿಯದರಲ್ಲಿ ಹಿಟ್ಟು ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇರುವಂತಿಲ್ಲ, ಉಳಿದದ್ದು ಬಾದಾಮಿ, ಹೇಝಲ್‌ನಟ್, ಸಕ್ಕರೆ, ಮೊಟ್ಟೆ, ಮಸಾಲೆ. ಏಲಕ್ಕಿ, ಲವಂಗದ ವಾಸನೆ ಬರುತ್ತದೆ. ನಾನು ತಿನ್ನುತ್ತೇನೆ. ಅಮ್ಮನಿಗೆ ಗೊತ್ತು.

ಅಮ್ಮ: ತಿನ್ನಲಿ ಬಿಡು. ಚಳಿ ದೇಶ. ನನ್ನ ಪ್ರಶ್ನೆ ಬೇರೆ. ಡಿಸೆಂಬರ್ 22ರಿಂದ ಜನವರಿ 5ರವರೆಗೆ ರಜೆ ಅಂತ ನೀನೇ ಹೇಳಿದ್ದೆ. ಎರಡು ವಾರ. ಯಾಕೆ ಬರುತ್ತಿಲ್ಲ?

ಜಗಳ ಇದೇ ಆಗಿತ್ತು. ದೊಡ್ಡಪ್ಪನ ಹಣತೆ, ತಮ್ಮನ ಸುದ್ದಿ ಎಲ್ಲ ಇದರ ಸುತ್ತಲೇ ಓಡಾಡುತ್ತಿತ್ತು. ನಾನು ಬರೆದೆ, ಅಳಿಸಿದೆ, ಮತ್ತೆ ಬರೆದೆ.

ನಾನು: ಅಮ್ಮ, ಟಿಕೆಟ್ ದುಬಾರಿ. ಇದು ಅರ್ಧ ಉತ್ತರ. ಇನ್ನರ್ಧ ಹೇಳುತ್ತೇನೆ. ಹೋದ ಡಿಸೆಂಬರ್‌ನಲ್ಲಿ ಬಂದಿದ್ದೆ ನೆನಪಿದೆಯಾ? ಧನುರ್ಮಾಸ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಅಣ್ಣ, ತಮ್ಮ ಎಲ್ಲರಿಗೂ ಆಫೀಸು. ಅಡಿಕೆ ಕೊಯ್ಲು ಬೇರೆ. ನೀನು ಬೆಳಗ್ಗೆ ಹುಗ್ಗಿ ಮಾಡಿ ದೇವಸ್ಥಾನಕ್ಕೆ ಹೋಗಿ ಬಂದರೆ ಸಂಜೆಯವರೆಗೂ ಅಡಿಕೆ ಕೊಯ್ಯುವ ಕೊನೆಗಾರರ ಊಟ, ತಿಂಡಿ. ನನ್ನ ಹತ್ತಿರ ಕೂರಲೂ ನಿನಗೆ ಆಗಲಿಲ್ಲ. ನನಗೆ ಬರಬೇಕಾಗಿರುವುದು ದೀಪಾವಳಿಗೆ. ಆಗ ನನಗೆ ರಜೆ ಇಲ್ಲ. ಮುಂದಿನ ವರ್ಷದ್ದೂ ನೋಡಿದೆ. ಚತುರ್ದಶಿ ನವೆಂಬರ್ 8ಕ್ಕೆ. ನಮ್ಮ ಶರತ್ಕಾಲದ ರಜೆ 6ಕ್ಕೆ ಮುಗಿಯುತ್ತದೆ. ಎರಡು ದಿನದಲ್ಲಿ ತಪ್ಪಿತು. ಕ್ಯಾಲೆಂಡರ್ ನೋಡಿ ಅತ್ತಿದ್ದೇನೆ.

ಅಮ್ಮ: ಹ್ಮ್.

ದೊಡ್ಡಪ್ಪ: ರಜೆಯ ಮಾತು ಅರ್ಥವಾಯಿತು. ಆದರೆ ಒಂದು ಹೇಳುತ್ತೇನೆ ಪುಟ್ಟಿ, ಸಿಟ್ಟು ಮಾಡಬೇಡ. ಇಲ್ಲಿ ದೀಪಾವಳಿಯಲ್ಲಿ ದೀಪ ಹಿಡಿದು ಮನೆ ಮನೆಗೆ ಹಾಡುತ್ತಾ ಹೋಗುವ ಅಂಟಿಕೆ-ಪಂಟಿಕೆಗೆ ಈ ವರ್ಷ ಬಂದದ್ದು ಏಳೇ ಜನ. ಎಲ್ಲರಿಗೂ ಐವತ್ತು ದಾಟಿದೆ. ಹುಡುಗರು ಊರಿನಲ್ಲಿಲ್ಲ. ನಮ್ಮ ಮನೆಯ ಮಗಳು ಎಲ್ಲೋ ಇನ್ನೊಂದು ಊರಿನ ದೀಪ ಹಿಡಿದು ನಡೆಯುವುದನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಅದನ್ನು ಬರೆದೆ.

ಅತ್ತೆ: ಅಣ್ಣಯ್ಯ, ನೀವು ಇದನ್ನು ಮೊದಲೇ ಹೇಳಬಹುದಿತ್ತು. ಫೋಟೋ ಇಲ್ಲ ಅಂತ ಬೈಯುವ ಬದಲು.

ನಾನು: ದೊಡ್ಡಪ್ಪ, ಸಿಟ್ಟಿಲ್ಲ. ಅಂಟಿಕೆ-ಪಂಟಿಕೆ ಬಗ್ಗೆ ನಾನೂ ಒಂದು ಹೇಳಬೇಕು. ನೀವೆಲ್ಲ ದೇವಸ್ಥಾನದಲ್ಲಿ ದೀಪ ಹಚ್ಚಿಕೊಂಡು ರಾತ್ರಿಯೆಲ್ಲ ಮನೆ ಮನೆಗೆ ಹಾಡುತ್ತಾ ಹೋಗುತ್ತಿದ್ದಿರಿ. ಗದ್ದೆ ಅಂಚಿನಲ್ಲಿ ದೀಪ ಬರುವುದನ್ನು ನಾನು ಜಗಲಿಯಲ್ಲಿ ಕಂಬಳಿ ಹೊದ್ದು ಕಾಯುತ್ತಿದ್ದೆ. ನೀವು ಬಂದಾಗ ಎಣ್ಣೆ ಎರೆಯುತ್ತಿದ್ದೆ. ನಿಮ್ಮ ದೀಪದಿಂದ ನಮ್ಮ ದೀಪ ಹಚ್ಚುತ್ತಿದ್ದರು. ನೀವು ಮುಂದಿನ ಮನೆಗೆ ಹೋಗುವಾಗ ಅಣ್ಣ ನಿಮ್ಮ ಹಿಂದೆ ಓಡುತ್ತಿದ್ದ. ನಾನೂ ಬರುತ್ತೇನೆ ಅಂತ ಒಂದು ವರ್ಷ ಹಟ ಮಾಡಿದ್ದೆ. ಹೆಣ್ಣುಮಕ್ಕಳು ಬರುವುದಿಲ್ಲ ಅಂದಿರಿ. ಜೀವನದಲ್ಲಿ ಮೊದಲ ಸಲ ನಾನು ದೀಪ ಹಿಡಿದು ಊರಲ್ಲಿ ನಡೆದದ್ದು ಇಲ್ಲಿ, ಈ ಮಕ್ಕಳ ಜೊತೆ. ಅದಕ್ಕೇ ಆ ವಿಡಿಯೋ ಅಣ್ಣನಿಗೆ ಕಳಿಸಿದೆ. ಅವನಿಗೆ ಅರ್ಥವಾಗುತ್ತದೆ ಅಂತ.

ಅತ್ತೆ: ನಾನೂ ಒಂದು ಸಲವೂ ಹಿಡಿಯಲಿಲ್ಲ ಪುಟ್ಟಿ. ಅರವತ್ತೆಂಟು ವರ್ಷ ಆಯಿತು.

ಅಣ್ಣ: ನನಗೆ ಆ ಹಟ ನೆನಪಿದೆ. ಅವಳು ಬಾವಿಕಟ್ಟೆ ಹತ್ತಿರ ಕೂತು ಅಳುತ್ತಿದ್ದಳು.

ದೊಡ್ಡಪ್ಪ 'ಟೈಪಿಂಗ್' ಅಂತ ಬಹಳ ಹೊತ್ತು ತೋರಿಸುತ್ತಿತ್ತು. ಊರಿನಲ್ಲಿ ಆಗ ರಾತ್ರಿ ಹನ್ನೊಂದು ದಾಟಿತ್ತು. ಅವರು ಒಂಬತ್ತಕ್ಕೆ ಮಲಗುವವರು.

ದೊಡ್ಡಪ್ಪ: ಆಗಿನ ಕಾಲ ಹಾಗಿತ್ತು. ಈಗ ಯಾರು ಬಂದರೂ ಸಾಕು ಅನ್ನುವ ಹಾಗಾಗಿದೆ. ಒಂದು ಕೇಳುತ್ತೇನೆ. ಆ ಮಕ್ಕಳಿಗೆ ನಮ್ಮ ಅಂಟಿಕೆ-ಪಂಟಿಕೆ ಹೇಳಿದ್ದೀಯಾ?

ನಾನು: ಇಲ್ಲ ದೊಡ್ಡಪ್ಪ.

ದೊಡ್ಡಪ್ಪ: ಮತ್ತೆ ದೀಪಾವಳಿ ಅಂದರೆ ಏನು ಹೇಳಿದೆ?

ನಾನು: ಪುಸ್ತಕದಲ್ಲಿ ಇರುವುದನ್ನು. ರಾಮ ಅಯೋಧ್ಯೆಗೆ ಬಂದ, ದೀಪ ಹಚ್ಚಿದರು, ಸಿಹಿ ತಿಂದರು. ಜೇಡಿಮಣ್ಣಿನಲ್ಲಿ ಹಣತೆ ಮಾಡಿಸಿದೆ. ಕೋಣೆಯಲ್ಲಿ ಬೆಂಕಿ ಹಚ್ಚುವಂತಿಲ್ಲ, ಬ್ಯಾಟರಿ ಬತ್ತಿ ಇಟ್ಟೆವು. ಬಲೀಂದ್ರನ ಹೆಸರೇ ಎತ್ತಲಿಲ್ಲ. ನಮ್ಮೂರಿನದು ಏನೂ ಹೇಳಲಿಲ್ಲ. ಇದು ನನ್ನದೇ ತಪ್ಪು. ನೀವು ಕೇಳಿದ್ದು ಸರಿ.

ಹಾಗೆ ಬರೆಯುವಾಗ ನಿಜವಾಗಿಯೂ ಮನಸ್ಸಿಗೆ ನೋವಾಯಿತು. ನವೆಂಬರ್ 11 ಸಂತ ಮಾರ್ಟಿನ್ ಹಬ್ಬ. ಆ ದಿನ ಮಕ್ಕಳಿಗೆ, ಮಾರ್ಟಿನ್ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಚಳಿಯಲ್ಲಿ ನಡುಗುವ ಭಿಕ್ಷುಕನಿಗೆ ಅರ್ಧ ಕೊಟ್ಟ ಕತೆಯನ್ನು ಎಷ್ಟು ಚೆನ್ನಾಗಿ ಹೇಳಿದ್ದೆ! ಕಾರ್ತಿಕ ಮಾಸವೇ ಅದು. ಮನೆ ಮನೆಗೆ ಹೋಗುವ ನಮ್ಮ ದೀಪದ ಮಾತು ಅಲ್ಲೇ ಪಕ್ಕದಲ್ಲಿತ್ತು, ನನ್ನ ಬಾಯಿಗೆ ಬರಲಿಲ್ಲ.

ಅತ್ತಿಗೆ: ಈಗಲೂ ಹೇಳಬಹುದಲ್ಲ? ಜನವರಿಯಲ್ಲಿ ಏನಾದರೂ ಇದೆಯಾ ಅಲ್ಲಿ?

ನಾನು: ಇದೆ ಅತ್ತಿಗೆ! ಜನವರಿ 6 ಇಲ್ಲಿ ಬಾಲ ಯೇಸುವನ್ನು ನೋಡಲು ಬಂದ ಮೂರು ರಾಜರ ಹಬ್ಬ. ಆ ದಿನಗಳಲ್ಲಿ ಮಕ್ಕಳು ಕಿರೀಟ ಹಾಕಿಕೊಂಡು, ಕೋಲಿನ ಮೇಲೆ ನಕ್ಷತ್ರ ಹಿಡಿದು ಮನೆ ಮನೆಗೆ ಹೋಗಿ ಹಾಡುತ್ತಾರೆ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆ ವರ್ಷದ ಅಂಕಿ, ಮೂರು ಅಕ್ಷರ ಬರೆದು ಹರಸುತ್ತಾರೆ. ಜನ ಕೊಡುವ ದುಡ್ಡು ಬೇರೆ ದೇಶಗಳ ಬಡ ಮಕ್ಕಳಿಗೆ ಹೋಗುತ್ತದೆ. ದೇಶವೆಲ್ಲ ಸೇರಿ ಮಾಡುವುದು 1959ರಿಂದ ನಡೆದಿದೆ. ನಮ್ಮ ಮಕ್ಕಳಲ್ಲೂ ಕೆಲವರು ಹೋಗುತ್ತಾರೆ. ರಜೆ ಮುಗಿದು 7ಕ್ಕೆ ಬಂದಾಗ ಅದೇ ಮಾತಾಡುತ್ತಿರುತ್ತಾರೆ.

ದೊಡ್ಡಪ್ಪ: ಹಾಡುತ್ತಾರೆ, ಜನ ಕೊಡುತ್ತಾರೆ, ಮನೆ ಹರಸುತ್ತಾರೆ. ಹಾಗಾದರೆ ಹೇಳಲು ಸುಲಭವಾಯಿತಲ್ಲ.

ನಾನು: ದೊಡ್ಡಪ್ಪ, ಹಾಡು ಬೇಕು. ನೀವು ಹಾಡಿ ವಾಯ್ಸ್ ಮೆಸೇಜ್ ಕಳಿಸಿ. ಮಾತು ಅರ್ಥವಾಗದಿದ್ದರೂ ಮಕ್ಕಳು ಕೇಳುತ್ತಾರೆ. ಹಾಡಿನ ಅರ್ಥ ನಾನು ಹೇಳುತ್ತೇನೆ.

ತಮ್ಮ: ನಾನು ಬಂದು ವಿಡಿಯೋ ಮಾಡುತ್ತೇನೆ ದೊಡ್ಡಪ್ಪ. ಸಂಕ್ರಾಂತಿಗೆ ಹೇಗೂ ಊರಿಗೆ ಬರುತ್ತೇನೆ.

ದೊಡ್ಡಪ್ಪ: ಸಂಕ್ರಾಂತಿ ತಡವಾಯಿತು, ಅವಳಿಗೆ 7ಕ್ಕೆ ಬೇಕು. ಆ ಲಾಟೀನಿನ ಕಾಗದ ಬೆಂಕಿಗೆ ಹತ್ತಿಕೊಳ್ಳುವುದಿಲ್ಲವಾ?

ನಾನು: ಬುಡಕ್ಕೆ ಚೀಸ್ ಬರುವ ದುಂಡು ರಟ್ಟಿನ ಡಬ್ಬಿ ಇಡುತ್ತೇವೆ. ಸುತ್ತ ಬಣ್ಣದ ತೆಳು ಕಾಗದ. ಮೇಲೆ ತಂತಿ ಕಟ್ಟಿ ಕೋಲಿಗೆ ಸಿಗಿಸುವುದು. ಸಣ್ಣ ಮಕ್ಕಳಿಗೆ ಬ್ಯಾಟರಿ ಬಲ್ಬು ಮಾತ್ರ. ಮೂರು ವಾರ ಹಿಡಿಯಿತು ಇಪ್ಪತ್ತಾರು ಮಾಡಲು. ಒಬ್ಬ ಹುಡುಗ ಸೆಪ್ಟೆಂಬರ್‌ನಲ್ಲಿ ಸೇರಿದವನು, ಇನ್ನೂ ಭಾಷೆ ಬರುವುದಿಲ್ಲ. ಅವನು ಅಂಟು ಎಷ್ಟು ಹಚ್ಚಿದ ಅಂದರೆ ಕಾಗದ ಒಣಗಲು ಎರಡು ದಿನ ಬೇಕಾಯಿತು, ಬಣ್ಣವೆಲ್ಲ ಕಲಸಿಹೋಯಿತು. ಬೆಳಕು ಹಾಕಿದಾಗ ಅವನದೇ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ವಿಡಿಯೋದಲ್ಲಿ ನನ್ನ ಪಕ್ಕದಲ್ಲಿದ್ದಾನೆ ನೋಡಿ, ಕೆಂಪು ಟೋಪಿ.

ಅಮ್ಮ: ನೋಡಿದೆ. ಅವನಿಗೆ ಟೋಪಿ ಇದೆ, ನಿನಗೆ ಇಲ್ಲ. ಕಿವಿ ಮುಚ್ಚಿಕೊಳ್ಳದೆ ಹೋಗಿದ್ದೀಯ.

ನಾನು: ಕೂಗು ಕೇಳಿಸಬೇಕಲ್ಲ ಅಮ್ಮ, ಯಾರು ಎಲ್ಲಿ ಹೋಗುತ್ತಾರೆ ಅಂತ. 24ಕ್ಕೆ ಅಂಗಡಿಗಳು ಮಧ್ಯಾಹ್ನ ಎರಡಕ್ಕೆ ಮುಚ್ಚುತ್ತವೆ, 25, 26 ಪೂರ್ತಿ ರಜೆ. ಆ ಮೂರು ಸಂಜೆಯೂ ನಾನು ಮನೆಯಲ್ಲೇ. ವಿಡಿಯೋ ಕಾಲ್ ಮಾಡುತ್ತೇನೆ. ನೀನು ಕೊನೆಗಾರರಿಗೆ ಕಾಫಿ ಮಾಡುತ್ತಾ ಇದ್ದರೂ ಪರವಾಗಿಲ್ಲ, ಫೋನ್ ಗೋಡೆಗೆ ಒರಗಿಸಿ ಇಡು.

ಅಮ್ಮ: ಆಯಿತು. ಆದರೂ ಬರಬೇಕಿತ್ತು.

ನಾನು: ಗೊತ್ತು ಅಮ್ಮ.

ದೊಡ್ಡಪ್ಪ: ನನಗೆ ಪೂರ್ತಿ ನೆನಪಿಲ್ಲ, ನಾಲ್ಕು ನುಡಿ ಬರುತ್ತದೆ. ಮೇಲಿನಮನೆಯವನಿಗೆ ಎಲ್ಲಾ ಬರುತ್ತದೆ. ಭಾನುವಾರ ಅವನನ್ನು ಕೂರಿಸಿಕೊಂಡು ಹಾಡಿಸುತ್ತೇನೆ. ಫೋನಿನಲ್ಲಿ ಯಾವ ಗುಂಡಿ ಒತ್ತಬೇಕು ಅಂತ ಯಾರಾದರೂ ಬರೆದು ಕಳಿಸಿ.