ಕೋಡ್ ತಾಣಗಳ ‘ಫೆಡರೇಶನ್’ಗೆ ‘ಒಕ್ಕೂಟ’ ಸರಿಯೇ?

ಮಾನ್ಯರೇ,

ತಂತ್ರಾಂಶದ ಕೋಡನ್ನು ಒಂದೇ ಕಂಪನಿಯ ತಾಣದಲ್ಲಿ ಇಡುವುದರ ಬದಲು ಬೇರೆ ಯಾವ ದಾರಿಗಳಿವೆ ಎಂಬುದನ್ನು ಕುರಿತು ಉಡುಪಿಯ ಕಾಲೇಜು ವಿದ್ಯಾರ್ಥಿಗಳಿಗಾಗಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಡಿಸ್ಟ್ರಿಬ್ಯೂಟೆಡ್, ಡಿಸೆಂಟ್ರಲೈಸ್ಡ್, ಫೆಡರೇಟೆಡ್ ಎಂಬ ಮೂರಕ್ಕೂ ‘ವಿಕೇಂದ್ರೀಕೃತ’ ಎಂದೇ ಬರೆದುಬಿಟ್ಟಿದ್ದೆ. ಕರಡನ್ನು ಓದಿದ ಹಿರಿಯ ಸಹೋದ್ಯೋಗಿಯೊಬ್ಬರು, “ಕೇಂದ್ರವೇ ಇಲ್ಲದಲ್ಲಿ ಯಾರು ಯಾರಿಗೆ ಬಿಟ್ಟುಕೊಟ್ಟದ್ದು ಮಾರಾಯ್ರೆ?” ಎಂದು ಅಂಚಿನಲ್ಲಿ ಗೀಚಿ ಹಿಂದಿರುಗಿಸಿದರು.

ಅವರ ಆಕ್ಷೇಪ ನ್ಯಾಯವಾದುದೇ. ‘ವಿಕೇಂದ್ರೀಕರಣ’ವು ನಮ್ಮಲ್ಲಿ ಪಂಚಾಯತ್ ರಾಜ್ ಚರ್ಚೆಯೊಡನೆ ಬೇರೂರಿದ ಪದ, ಮೇಲಿದ್ದ ಅಧಿಕಾರವನ್ನು ಕೆಳಕ್ಕೆ ಇಳಿಸುವ ಸೂಚನೆ ಅದರಲ್ಲಿದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶವಾದ ಗಿಟ್‌ಗಾದರೋ ಹುಟ್ಟಿನಿಂದಲೇ ಕೇಂದ್ರವಿಲ್ಲ. ಕ್ಲೋನ್ ಮಾಡಿಕೊಂಡವರ, ಅಂದರೆ ಪ್ರತಿ ಇಳಿಸಿಕೊಂಡವರ ಬಳಿ ಸಾಮಾನ್ಯವಾಗಿ ಕೋಡಿನ ಪೂರ್ತಿ ಚರಿತ್ರೆಯೇ ಇರುತ್ತದೆ. ಕೇಂದ್ರವೆಂಬುದು ಆಮೇಲೆ, 2008ರಲ್ಲಿ ಆರಂಭವಾದ ಗಿಟ್‌ಹಬ್‌ನಂತಹ ತಾಣಗಳಲ್ಲಿ ದೋಷವರದಿ, ಚರ್ಚೆ, ಬದಲಾವಣೆಯನ್ನು ಮೂಲಕ್ಕೆ ಸೇರಿಸಿಕೊಳ್ಳಿರೆಂದು ಕೋರುವ ಪುಲ್ ರಿಕ್ವೆಸ್ಟ್‌ಗಳೆಲ್ಲ ಒಂದೇ ಸೂರಿನಡಿ ಸೇರಿಕೊಂಡಾಗ ಬಂದದ್ದು. ಆದ್ದರಿಂದ ‘ವಿಕೇಂದ್ರೀಕೃತ’ವನ್ನು ತಾಣಗಳಿಗೆ ಮಾತ್ರ ಉಳಿಸಿಕೊಂಡಿದ್ದೇನೆ. ಗಿಟ್‌ಗೆ ‘ವಿತರಿತ’ ಎನ್ನೋಣವೆಂದರೆ ನ್ಯಾಯಬೆಲೆ ಅಂಗಡಿಯ ಅಕ್ಕಿ ಕಣ್ಣಮುಂದೆ ಬರುತ್ತದೆ: ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾಲು, ಇಲ್ಲಿ ಎಲ್ಲರಿಗೂ ಇಡಿಗಂಟು. ಸದ್ಯಕ್ಕೆ ಅರೆಮನಸ್ಸಿನಿಂದಲೇ ಅದನ್ನು ಇಟ್ಟಿದ್ದೇನೆ.

ನಿಜವಾದ ತೊಡಕು ‘ಫೆಡರೇಟೆಡ್’ ಎಂಬಲ್ಲಿದೆ. ಫೋರ್ಜೆಯೊ ಎಂಬ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮದೇ ಸರ್ವರಿನಲ್ಲಿ ಹಾಕಿಕೊಂಡು ಸ್ವಂತ ತಾಣ ನಡೆಸಬಹುದು. (ಕುಲುಮೆಯನ್ನು ಸೂಚಿಸುವ ಎಸ್ಪೆರಾಂಟೊ ಪದದಿಂದ ಬಂದ ಹೆಸರದು, ಇಂತಹ ತಾಣಗಳನ್ನು ನಾವೂ ‘ಕುಲುಮೆ’ ಎಂದೇ ಕರೆಯಬಹುದೆಂದು ನನಗೆ ತೋರುತ್ತದೆ.) ಒಂದು ಕುಲುಮೆಯಲ್ಲಿ ಖಾತೆಯುಳ್ಳವರು ಇನ್ನೊಂದರಲ್ಲಿ ಹೊಸ ಖಾತೆ ತೆರೆಯದೆಯೇ ಅಲ್ಲಿ ದೋಷವರದಿ ಸಲ್ಲಿಸುವಂತಾಗಬೇಕೆಂಬುದು ಫೆಡರೇಶನ್ನಿನ ಆಶಯ. ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು 2018ರಲ್ಲಿ ಶಿಫಾರಸು ಮಾಡಿದ, ಬೇರೆ ಬೇರೆ ಸರ್ವರುಗಳು ತಮ್ಮೊಳಗೆ ಸಂದೇಶ ವಿನಿಮಯ ಮಾಡಿಕೊಳ್ಳಲು ಇರುವ ಆಕ್ಟಿವಿಟಿಪಬ್ ನಿಯಮಾವಳಿಯನ್ನು ಕೋಡ್ ತಾಣಗಳಿಗೆ ಒಗ್ಗಿಸುವ ಫೋರ್ಜ್‌ಫೆಡ್ ಎಂಬ ಪ್ರಯತ್ನ ಇದಕ್ಕಾಗಿಯೇ ಹುಟ್ಟಿದೆ.

ಇದಕ್ಕೆ ‘ಒಕ್ಕೂಟ’ ಎಂದರೆ ನಮ್ಮ ಜಿಲ್ಲೆಗಳ ಓದುಗರಿಗೆ ಮೊದಲು ನೆನಪಾಗುವುದು ಹಾಲಿನ ಒಕ್ಕೂಟ. ಊರೂರಿನ ಸೊಸೈಟಿಯಲ್ಲಿ ಬೆಳಗ್ಗೆ ಅಳೆದು ಹಾಕಿದ ಹಾಲು ಕ್ಯಾನು ತುಂಬಿ, ಲಾರಿ ಹತ್ತಿ, ಕೊನೆಗೆ ಡೇರಿಯ ದೊಡ್ಡ ಟ್ಯಾಂಕಿಗೆ ಬೀಳುತ್ತದೆ. ಅಲ್ಲಿಂದ ಹೊರಬರುವ ಪ್ಯಾಕೆಟ್ಟಿನಲ್ಲಿ ಯಾವ ಊರಿನ ಹಾಲೆಂದು ಹೇಳಲಾಗದು. ಕುಲುಮೆಗಳ ವಿಷಯದಲ್ಲಿ ಆಗಬಾರದೆನ್ನುವುದು ಅದೇ ತಾನೆ? ‘ಒಕ್ಕೂಟ ವ್ಯವಸ್ಥೆ’ ಎಂದು ರಾಜ್ಯಶಾಸ್ತ್ರದ ಪಠ್ಯಗಳಲ್ಲಿ ಇದೆಯಾದರೂ, ಅಲ್ಲಿಯೂ ‘ಒಕ್ಕೂಟ ಸರ್ಕಾರ’ವೆಂಬ ಕೇಂದ್ರವೊಂದು ಬೆನ್ನಿಗೇ ನಿಂತಿರುತ್ತದೆ.

ನನಗೆ ಹೊಳೆದ ಪದ ‘ಹೊಕ್ಕುಬಳಕೆ’. ಮನೆ ಬೇರೆ, ಒಲೆ ಬೇರೆ, ಆದರೂ ಪರಸ್ಪರ ಹೋಗಿಬರುವ ಸಲುಗೆಯುಂಟು ಎಂಬ ಅರ್ಥಕ್ಕೆ ಇದು ಹತ್ತಿರವಿದೆ. ‘ಹೊಕ್ಕುಬಳಕೆಯ ಕುಲುಮೆಗಳು’ ಎಂದು ಬರೆದರೆ ಶಾಸ್ತ್ರಬರಹದಲ್ಲಿ ತೀರ ಮನೆಮಾತಿನಂತೆ ಕೇಳುತ್ತದೆಯೇ? ಈ ಪದಕ್ಕೆ ಕ್ರಿಯಾರೂಪ ಬೇಕಾದಾಗ ‘ಹೊಕ್ಕುಬಳಸು’ ಎನ್ನಬಹುದೇ, ಅಥವಾ ಆಗ ಅರ್ಥ ಬದಲಾಗುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.